ನಾಲ್ಕನೆಯ ಸೀಟಿನಲ್ಲಿ ಕುಳಿತವಳು

೨೦೧೮ನೆಯ ಇಸವಿ ಸೆಪ್ಟೆಂಬರ್ ೬, ಗುರುವಾರ. ಆಧಾರ: ನನ್ನ ದಿನಚರಿ. ವಾರವನ್ನೂ ತಿಥಿಯನ್ನೂ ಆ ವರ್ಷದ ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಶ್ರಾವಣ ಕೃಷ್ಣ ಏಕಾದಶಿ, ಸರಿಯಾಗಿದೆ. ಆ ದಿನದ ಮುಖ್ಯ ಸುದ್ದಿಯನ್ನು ಮರುದಿನದ ಪತ್ರಿಕೆಯೊಡನೆ ಹೋಲಿಸಿದ್ದೇನೆ, ಅದೂ ಸರಿಯಾಗಿದೆ. ದಿನಚರಿಯ ಪುಟದಲ್ಲಿ ಇರುವುದು ಮಾತ್ರ ಇಷ್ಟೇ: “ಉಪವಾಸ. ರೈಲಿನಲ್ಲಿ ಒಬ್ಬ ಹುಡುಗಿ ಕೆಂಪು ಕ್ಲಿಪ್ಪು ಕೊಟ್ಟಳು.”

ಈ ಪುಟವನ್ನು ಮತ್ತೆ ತೆರೆಯಲು ಕಾರಣವಿದೆ. ಆ ಹುಡುಗಿ ಇತ್ತೀಚೆಗೆ ನಿವೃತ್ತಳಾದಳು. ಮೂವತ್ತನೆಯ ವಯಸ್ಸಿಗೆ! ನನ್ನ ಸೇವಾವಧಿಯಲ್ಲಿ ಎಷ್ಟೋ ಬೀಳ್ಕೊಡುಗೆಗಳಿಗೆ ಹೋಗಿದ್ದೇನೆ. ಶಾಲು ಹೊದಿಸುವಾಗ ಕಿಲಕಿಲ ನಕ್ಕು ತೆಂಗಿನಕಾಯಿಯನ್ನು ಕೈಜಾರಿಸಿದ ನಿವೃತ್ತರನ್ನು ಕಂಡದ್ದು ಇದೇ ಮೊದಲು. ಅವಳ ಬಗ್ಗೆ ಬರೆಯುತ್ತೇನೆಂದಾಗ ಒಂದೇ ಷರತ್ತು ಹಾಕಿದಳು: “ಹೆಸರು ಹಾಕಬ್ಯಾಡ್ರಿ. ನಮ್ಮವ್ವ ನನ್ನ ಕೂಡ ಈಗ ಮಾತಾಡ್ತಾಳ, ಖರೆ. ಆದ್ರ ಗಲ್ಲಿ ಮಂದಿಗೆ ಇನ್ನಾ ಹೇಳಿಲ್ಲ. ಅಕಿ ಹೇಳಲಿ, ಆಮ್ಯಾಲ ನೀವು ಬರೀರಿ.” ಆದ್ದರಿಂದ ಈ ಬರಹದಲ್ಲಿ ಅವಳು ‘ಅವಳು’ ಮಾತ್ರ.

ಆ ಗುರುವಾರ ನಾನು ಡೊಂಬಿವಲಿಯಲ್ಲಿ ಲೋಕಲ್ ಹತ್ತಿದೆ. ಕೆಲಸದಿಂದ ನಿವೃತ್ತಳಾದ ಮೇಲೂ ವಾರಕ್ಕೆರಡು ಬಾರಿ ಮುಂಬಯಿಯ ಗ್ರಂಥಾಲಯವೊಂದಕ್ಕೆ ಹೋಗಿ ಹಳೆಯ ಕಾಗದಗಳನ್ನು ಓದುವ ಚಟ ನನಗೆ ಬಿಟ್ಟಿರಲಿಲ್ಲ. ಹೆಂಗಸರ ಡಬ್ಬಿ ತುಂಬಿತ್ತು. ಈ ಮಾರ್ಗದಲ್ಲಿ ಓಡಾಡದವರಿಗಾಗಿ ಒಂದು ಮಾತು ಹೇಳಬೇಕು. ನಮ್ಮ ಲೋಕಲ್‌ನ ಬೆಂಚು ಮೂವರಿಗೆಂದು ಮಾಡಿದ್ದು, ಕೂರುವುದು ನಾಲ್ವರು. ನಾಲ್ಕನೆಯವರಿಗೆ ಸಿಗುವುದು ಒಂದು ಅಂಚು, ಅರ್ಧ ದೇಹ ನಡುದಾರಿಯಲ್ಲಿ. ಇದಕ್ಕೆ ನಿಯಮವಿಲ್ಲ, ಫಲಕವಿಲ್ಲ. ನಿಂತವರು “ಜರಾ ಸರಕಾ” ಎಂದರೆ ಕುಳಿತ ಮೂವರು ತಲೆ ಎತ್ತಿ ನೋಡದೆಯೇ ಸರಿಯುತ್ತಾರೆ. ನಾನು ಅಂದು ಹಾಗೆಯೇ ಅಂದೆ. ಆದರೆ ಮೂರನೆಯ ಸೀಟಿನಲ್ಲಿದ್ದ ಹುಡುಗಿ ಸರಿಯುವ ಬದಲು ಎದ್ದು, ನನ್ನನ್ನು ಒಳಗೆ ಕೂರಿಸಿ, ತಾನು ಅಂಚಿಗೆ ಕುಳಿತಳು.

ದಿವಾ ದಾಟಿದ ಮೇಲೆ ಅವಳು ಫೋನನ್ನು ನೋಡಿ ಕಿರುಚಿದಳು. ಇಡೀ ಡಬ್ಬಿ ತಿರುಗಿತು.

“ಕಾಯ್ ಝಾಲಂ ಗಂ?” ಏನಾಯ್ತೇ ಎಂದು ಎದುರಿನ ಹೆಂಗಸು ಗಾಬರಿಯಿಂದ ಕೇಳಿದಳು.

“ಜಿಂಕ್ಲೋ ತಾಯಿ, ಜಿಂಕ್ಲೋ!” ಗೆದ್ದೆವು ಎಂದು ಇವಳ ಉತ್ತರ.

“ಇವತ್ತು ಮ್ಯಾಚ್ ಇತ್ತಾ?” ಎಂದು ಮತ್ತೊಬ್ಬಳು ಪಕ್ಕದವಳನ್ನು ಕೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಒಂದೇ ಲಿಂಗದ ಇಬ್ಬರು ವಯಸ್ಕರ ಪ್ರೀತಿ ಅಪರಾಧವಲ್ಲವೆಂದು ದೇಶದ ಅತ್ಯುನ್ನತ ನ್ಯಾಯಾಲಯ ಅಷ್ಟುಹೊತ್ತಿಗೆ ಹೇಳಿಯಾಗಿತ್ತು. ಹಂಚಲು ಅವಳ ಬಳಿ ಸಿಹಿ ಇರಲಿಲ್ಲ. ಡಬ್ಬಿಯಲ್ಲಿ ಕೂದಲಿನ ಕ್ಲಿಪ್ಪು ಮಾರುವವಳೊಬ್ಬಳು ಇದ್ದಳು. ಹುಡುಗಿ ಅವಳ ಹಲಗೆಯಿಂದಲೇ ಕ್ಲಿಪ್ಪುಗಳನ್ನು ಕೊಂಡು ಕೈಗೆ ಸಿಕ್ಕವರಿಗೆಲ್ಲ ಹಂಚಿಬಿಟ್ಟಳು. ನನ್ನ ತೊಡೆಯ ಮೇಲಿದ್ದ ಕನ್ನಡ ಪುಸ್ತಕ ಅವಳ ಕಣ್ಣಿಗೆ ಬಿತ್ತು. ತಕ್ಷಣ ಭಾಷೆ ಬದಲಾಯಿತು.

“ಆಯಿ, ಮುಂಜಾನಿ ತನಕ ನಾ ಅಪರಾಧಿ ಇದ್ದೆ, ಈಗ ಅಲ್ಲ! ತಗೋರಿ, ಕೆಂಪ ತಗೋರಿ.” ವಿಜಯಪುರದ ಕಡೆ ಅಜ್ಜಿಗೆ ಆಯಿ ಎನ್ನುತ್ತಾರೆ. ನನ್ನ ಬಿಳಿಗೂದಲು ನೋಡಿ ಕರೆದಿದ್ದಳು.

“ಯಾವ ಅಪರಾಧ?”

“ಒಬ್ಬಾಕಿನ್ನ ಪ್ರೀತಿ ಮಾಡಿದ್ದು.”

ಏನು ಹೇಳಬೇಕೆಂದು ತೋಚದಿದ್ದಾಗ ನಾನು ಇಸವಿಗಳ ಮೊರೆ ಹೋಗುತ್ತೇನೆ. ಆ ದಂಡಸಂಹಿತೆ ರಚನೆಯಾದದ್ದು ೧೮೬೦ರಲ್ಲಿ, ಜಾರಿಗೆ ಬಂದದ್ದು ೧೮೬೨ರಲ್ಲಿ ಎಂದೆ. ಅಷ್ಟಕ್ಕೇ ನಿಲ್ಲಿಸದೆ, ಆ ಕಲಮು ಹೆಂಗಸರಿಗೆ ಅನ್ವಯಿಸುತ್ತಿತ್ತೇ ಎಂಬುದೇ ವಿವಾದಾಸ್ಪದವೆಂದೂ ಸೇರಿಸಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಅಂದ್ರ ನಾ ಅಪರಾಧಿನೂ ನೆಟ್ಟಗ ಆಗಿದ್ದಿಲ್ಲ ಅಂತೀರಿ! ಆಯಿ, ನಿಮ್ಮ ನಂಬರ್ ಕೊಡ್ರಿ. ನೀವು ನನಗ ಬೇಕು.”

ನಾನು ಅವಳಿಗೆ ಬೇಕಾದದ್ದು ಹೀಗೆ. ಪಾಲಿಕೆಗೆ, ಥಾಣೆಯ ಜಿಲ್ಲಾ ಕಚೇರಿಗೆ, ಅಲ್ಲಿಂದ ಮುಂಬಯಿಯ ಸಚಿವಾಲಯವಾದ ಮಂತ್ರಾಲಯಕ್ಕೆ ಅವಳು ಬರೆಯುತ್ತಿದ್ದ ಮನವಿಗಳಲ್ಲಿ ಒಂದು ದಿನಾಂಕವೂ ತಪ್ಪಬಾರದು. “ತಾರೀಖು ತಪ್ಪಿದ್ರ ಸಾಹೇಬ್ರು ಅದನ್ನ ಹಿಡ್ಕೊಂಡು ಕೂಡ್ತಾರ, ವಿಷಯ ಬಿಟ್ಟೇ ಬಿಡ್ತಾರ” ಎನ್ನುತ್ತಿದ್ದಳು. ಶನಿವಾರಗಳಂದು ಮಧ್ಯಾಹ್ನ ನನ್ನ ಮನೆಗೆ ಬರುತ್ತಿದ್ದಳು. (ಭಾನುವಾರವೆಂದು ನನ್ನ ನೆನಪು. ಆದರೆ ಭಾನುವಾರ ಮಧ್ಯಾಹ್ನ ಹಳಿ ದುರಸ್ತಿಯ ಮೆಗಾಬ್ಲಾಕ್. ನಿಧಾನದ ಗಾಡಿಗಳ ಗತಿ ಎಲ್ಲರಿಗೂ ಗೊತ್ತು. ಅವಳು ಎಂದೂ ತಡವಾಗಿ ಬಂದವಳಲ್ಲ. ಆದ್ದರಿಂದ ಶನಿವಾರವೇ.) ಮನೆಯಲ್ಲಿ ಇಡೀ ಸೋಫಾ ಖಾಲಿ ಇದ್ದರೂ ಅಂಚಿನಲ್ಲಿ ಒಂದು ಕಾಲು ಹೊರಗೆ ಚಾಚಿಯೇ ಕೂರುತ್ತಿದ್ದಳು. “ನೆಟ್ಟಗೆ ಕೂತುಕೋ” ಎಂದರೆ, “ಯಾರರ ಬಂದ್ರ?” ಎಂದು ಕೇಳುತ್ತಿದ್ದಳು. ನನ್ನ ಮನೆಗೆ ಯಾರೂ ಬರುವುದಿಲ್ಲವೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವಳಿಗೆ ಹಲವು ಗಾದೆಗಳಿದ್ದವು. ಎಲ್ಲವೂ ಅವಳೇ ಕಟ್ಟಿದವು. “ಘೋಷಣಾ ಕೂಗಿದ್ರ ಗಂಟಲು ಸವೀತದ, ಕಚೇರಿ ತಿರುಗಿದ್ರ ಚಪ್ಪಲ್ ಸವೀತದ. ಚಪ್ಪಲ್ ಸೋವಿ.” ಮೆರವಣಿಗೆಗೂ ಅವಳು ಹೋಗುತ್ತಿದ್ದಳು, ಬಣ್ಣದ ಬಾವುಟ ಹಿಡಿದು ಕುಣಿಯುತ್ತಿದ್ದಳು, ಮರುದಿನ ಬೆಳಿಗ್ಗೆ ಪಾಲಿಕೆಯ ಪ್ರಭಾಗ ಕಚೇರಿಯ, ಅಂದರೆ ವಾರ್ಡ್ ಆಫೀಸಿನ, ಬಾಗಿಲು ತೆರೆಯುವ ಮೊದಲೇ ಅಲ್ಲಿ ನಿಂತಿರುತ್ತಿದ್ದಳು. ಇನ್ನೊಂದು ಮಾತನ್ನು ಅವಳು ರೈಲು ಹತ್ತಿದಾಗಲೆಲ್ಲ ಹೇಳುತ್ತಿದ್ದಳು. ಅದನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ಇಂದಿಗೂ ಬೆಂಚು ಕಂಡರೆ ಅದೇ ಕಿವಿಯಲ್ಲಿ ಮೊಳಗುತ್ತದೆ: “ಮೊದಲ ಸರಕೋಬೇಕು. ಎಲ್ಲಿ ಇಳೀತಿ ಅಂತ ಆಮ್ಯಾಲ ಕೇಳಬೇಕು.”

ಈ ಮಾತಿನ ಹಿಂದೆ ಏನಿತ್ತೆಂಬುದನ್ನು ಅವಳು ಒಮ್ಮೆ ಮಾತ್ರ, ಅದೂ ಅವಲಕ್ಕಿ ತಿನ್ನುತ್ತ, ಬೇರೆ ಯಾರದೋ ಕಥೆಯೆಂಬಂತೆ ಹೇಳಿದಳು. ತಂದೆ ಉಲ್ಹಾಸನಗರದ ಮಾರುಕಟ್ಟೆಯಲ್ಲಿ ಹಮಾಲಿ. ತಾಯಿ ಅಲ್ಲಿಯದೇ ಒಂದು ಕಾರ್ಖಾನೆಯಲ್ಲಿ ಜೀನ್ಸ್ ಪ್ಯಾಂಟುಗಳ ದಾರ ಕತ್ತರಿಸುವವಳು. ಮನೆ ವಿಠ್ಠಲವಾಡಿಯಲ್ಲಿ, ಒಂದೇ ಕೋಣೆ. ಇನ್ನೂ ಕಾಲೇಜಿನಲ್ಲಿದ್ದಾಗ ಮನೆಯಲ್ಲಿ ವಿಷಯ ಹೇಳಿದಳು. ತಾಯಿ ಅವಳ ಬಟ್ಟೆಗಳನ್ನು ಮಡಿಸಿ ಒಂದು ಚೀಲದಲ್ಲಿಟ್ಟು ಹೊಸ್ತಿಲ ಹೊರಗಿಟ್ಟಳು. ಮಡಿಸಿಯೇ ಇಟ್ಟಳು ಎಂಬುದನ್ನು ಅವಳು ಎರಡು ಬಾರಿ ಹೇಳಿದಳು. ಮನೆಯಿಲ್ಲದವರಿಗಾಗಿ ಊರಿನಲ್ಲಿ ಇದ್ದ ನಿವಾರಾ ಕೇಂದ್ರಕ್ಕೆ ಹೋದರೆ, ಆಧಾರ್ ಇಲ್ಲದೆ ಒಳಗೆ ಬಿಡುವುದಿಲ್ಲ ಎಂದರು.

“ಆಧಾರ್ ಅವ್ವನ ಟ್ರಂಕಿನ್ಯಾಗ ಇತ್ತು, ಆಯಿ. ಅದನ್ನ ತರಬೇಕಂದ್ರ ಮನಿಗೆ ಹೋಗಬೇಕು. ಮನಿಗೆ ಹೋಗಾಕ ಬಿಟ್ಟಿದ್ರ ಅಲ್ಲಿಗೆ ಯಾಕ ಹೋಗ್ತಿದ್ದೆ? ಇಷ್ಟು ಸಣ್ಣ ವಿಷಯ ಯಾರಿಗೂ ತಿಳೀಲಿಲ್ಲ ನೋಡ್ರಿ.” ಎಂದು ನಕ್ಕು, “ಇನ್ನೊಂದೀಟು ಕೊಬ್ರಿ ಹಾಕ್ರಿ” ಎಂದಳು.

ರೈಲಿನಲ್ಲಿ ಮುಖಪರಿಚಯವಿದ್ದ ಒಬ್ಬ ಹೆಂಗಸು ಅವಳನ್ನು ಅಂದು ತನ್ನ ಮನೆಗೆ ಕರೆದೊಯ್ದಿದ್ದಳು. ಹೆಸರು ಕೇಳಿದ್ದು ಊಟವಾದ ಮೇಲಂತೆ. ಅಂದಿನಿಂದ ಅವಳಿಗೆ ಒಂದೇ ಹಟ: ಮನೆಯಿಂದ ಹೊರಬಿದ್ದ ತನ್ನಂಥವರು ಬಂದರೆ ನಿವಾರಾ ಕೇಂದ್ರ ಮೊದಲು ಬಾಗಿಲು ತೆರೆಯಬೇಕು, ಕಾಗದಗಳನ್ನು ಆಮೇಲೆ ಕೇಳಬೇಕು, ಗಂಡಸರ ವಿಭಾಗಕ್ಕೂ ಹೆಂಗಸರ ವಿಭಾಗಕ್ಕೂ ಹೋಗಲು ಅಂಜುವವರಿಗೆ ಒಂದು ಪ್ರತ್ಯೇಕ ಕೋಣೆ ಬೇಕು. ಇಷ್ಟೇ. ಇದನ್ನು ಸಾಧಿಸಲು ಅವಳು ಆಡಳಿತದ ಒಳಗೆ ಹೊಕ್ಕ ರೀತಿ ಮಾತ್ರ ಯಾವ ರಾಜ್ಯಶಾಸ್ತ್ರದ ಪಠ್ಯದಲ್ಲೂ ಸಿಗುವಂಥದಲ್ಲ!

ನಮ್ಮ ಪ್ರಭಾಗದ ಅಧಿಕಾರಿ ನಡೆಸುವ ನಾಗರಿಕರ ಸಲಹಾ ಸಭೆಯೊಂದಿದೆ. ಗೋಡೆಯ ಬದಿಗೆ ಒಂದು ಬೆಂಚು. ಅದರಲ್ಲಿ ಮೂವರು ನಿಮಂತ್ರಿತ ಸದಸ್ಯರು. ಅವರಲ್ಲೊಬ್ಬರು ಸ್ಟೇಷನ್ ಬಳಿ ಶಾಕಾಹಾರಿ ಹೋಟೆಲು ನಡೆಸುವ ಉಡುಪಿ ಕಡೆಯ ರಾಯರು. ಸಾರ್ವಜನಿಕರು ಹಿಂದಿನ ಕುರ್ಚಿಗಳಲ್ಲಿ ಸುಮ್ಮನೆ ಕೂರಬಹುದು. ಅವಳು ಮೊದಲ ಸಭೆಗೆ ಹೋದವಳೇ ನೇರವಾಗಿ ಬೆಂಚಿನ ಬಳಿ ನಿಂತು ಎರಡೇ ಪದ ಹೇಳಿದಳು: “ಜರಾ ಸರಕಾ.”

ಮೂವರೂ ಸರಿದರು! ಮುಂದಿನದನ್ನು ರಾಯರ ಬಾಯಲ್ಲೇ ಕೇಳಬೇಕು: “ನಲವತ್ತು ವರ್ಷ ಲೋಕಲ್‌ನಲ್ಲಿ ಹೋಗಿ ಬಂದ ಸೊಂಟ ಮಾರಾಯ್ರೆ, ಅದಕ್ಕೆ ಬುದ್ಧಿ ಎಲ್ಲಿ ಉಂಟು? ಸರಕಾ ಅಂದ ಕೂಡ್ಲೆ ಸರಿದೇ ಬಿಟ್ಟಿತು. ತಿರುಗಿ ನೋಡುವಾಗ ಈ ಹುಡುಗಿ ಕೂತಾಗಿದೆ. ಕೂತವರನ್ನು ಏಳಿ ಅಂತ ಹೇಳ್ಲಿಕ್ಕೆ ಆಗ್ತದಾ?”

ಮುಂದಿನ ಸಭೆಯಲ್ಲೂ ಹಾಗೆಯೇ ಆಯಿತು. ಕೆಲವು ಸಭೆಗಳ ಬಳಿಕ ಬೆಂಚಿಗೆ ನಾಲ್ಕು ಕಪ್ ಚಹಾ ಬರತೊಡಗಿತು. ಗುಮಾಸ್ತರು ಬೆಂಚಿನಲ್ಲಿ ಕುಳಿತವರೆಲ್ಲ ನಿಮಂತ್ರಿತರೆಂದೇ ಬಗೆದು ಹಾಜರಿಯಲ್ಲಿ ಅವಳ ಹೆಸರನ್ನೂ ಸೇರಿಸುತ್ತ ಹೋದರು. ಅವಳು ಮೊದಮೊದಲು ಗಟಾರ, ಬೀದಿದೀಪ, ಶಾಲೆಯ ಮುಂದಿನ ಕಸ ಇವುಗಳ ಬಗ್ಗೆ ಮಾತ್ರ ಮಾತನಾಡಿದಳು. ಆಡಿದ್ದನ್ನೆಲ್ಲ ಫೋಟೋ ಸಮೇತ ಆಡಿದಳು. ಇವಳನ್ನು ನೇಮಿಸಿದವರು ಯಾರು ಎಂದು ಯಾರೋ ಒಬ್ಬರು ಎದ್ದು ಕೇಳುವ ಹೊತ್ತಿಗೆ ತಡವಾಗಿತ್ತು. ಅಷ್ಟು ಸಭೆಗಳ ಇತಿವೃತ್ತಗಳನ್ನು, ಅಂದರೆ ನಡಾವಳಿಗಳನ್ನು, ತಿದ್ದುವುದಕ್ಕಿಂತ ಒಂದು ಸ್ಥಾನವನ್ನೇ ಸೃಷ್ಟಿಸುವುದು ಸುಲಭವೆಂದು ಅಧಿಕಾರಿ ತೀರ್ಮಾನಿಸಿದರು: ವಿಶೇಷ ನಿಮಂತ್ರಿತ, ಯುವ ವಿಭಾಗ. ವಯಸ್ಸು ಮೂವತ್ತು ತುಂಬುವವರೆಗೆ. ಸಂಸ್ಥೆಗಳ ಚರಿತ್ರೆಯನ್ನೇ ವೃತ್ತಿಯಾಗಿ ಓದಿದ ನಾನು ಪ್ರಮಾಣ ಮಾಡಿ ಹೇಳುತ್ತೇನೆ: ಇಂಥ ನೇಮಕಾತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸ್ಥಾನ ಸಿಕ್ಕ ದಿನ ನನಗೆ ಫೋನು ಬಂತು. “ಆಯಿ, ನಾಲ್ಕನೇ ಸೀಟು ಪಕ್ಕಾ ಆತು! ಈಗ ನನ್ನ ವಿಷಯ ತೆಗೀತೀನಿ.”

ತೆಗೆದಳು. ಬೆಂಚು ಗಟ್ಟಿಯಾಯಿತು. ಎಲ್ಲರಿಗಿಂತ ಜೋರಾಗಿ ವಿರೋಧಿಸಿದವರು ಅದೇ ರಾಯರು. “ಗುರುತು ಪರಿಚಯ ಇಲ್ಲದವರನ್ನು ಒಳಗೆ ಬಿಟ್ಟರೆ ನಾಳೆ ಪೊಲೀಸರಿಗೆ ಉತ್ತರ ಕೊಡುವವರು ಯಾರು? ನಿನ್ನ ಮೇಲೆ ನನಗೆ ಕೋಪ ಇಲ್ಲ ಮಗಾ. ಆದರೆ ಹೋಟೆಲಿನವ ನಾನು, ಜಾಗ ಕೊಡುವ ಕಷ್ಟ ನನಗೆ ಗೊತ್ತು.” ವಿಷಯವನ್ನು ಮುಂದಿನ ಸಭೆಗೆ ಹಾಕಿದರು. ಅಲ್ಲಿಂದ ಅದರ ಮುಂದಿನದಕ್ಕೆ. ಕೋವಿಡ್ ಬಂದು ಸಭೆಗಳೇ ನಿಂತವು, ಮತ್ತೆ ಆರಂಭವಾದವು, ಅಧಿಕಾರಿಗಳು ಬದಲಾದರು. ಅವಳು ಪ್ರತಿ ಹೊಸ ಅಧಿಕಾರಿಗೂ ಅಷ್ಟೇ ಉತ್ಸಾಹದಿಂದ ಮೊದಲಿನಿಂದ ಹೇಳಿದಳು. ಈ ಮಧ್ಯೆ ಅವಳು ನವಿ ಮುಂಬಯಿಯ ಐರೋಲಿಯಲ್ಲಿ ತನ್ನ ಜೊತೆಗಾರ್ತಿಯೊಡನೆ ಮನೆ ಮಾಡಿದ್ದಳು. ಜೊತೆಗಾರ್ತಿ ಆಸ್ಪತ್ರೆಯೊಂದರಲ್ಲಿ ನರ್ಸ್, ಮಿತಭಾಷಿ. ಒಮ್ಮೆ ನನ್ನೆದುರು ಆಕೆ ದೂರಿದ್ದು ಇಷ್ಟೇ: “ಮಲಗಿದಾಗಲೂ ‘ಮುಂದಿನ ಸಭೆ ಯಾವಾಗ’ ಅಂತ ಕನವರಿಸ್ತಾಳೆ ಅಜ್ಜಿ. ನನ್ನ ಹೆಸರು ಒಂದು ಸಲನೂ ಕನವರಿಸಿಲ್ಲ.”

“ನಿನ್ನ ಹೆಸರು ಎಚ್ಚರ ಇದ್ದಾಗ ಕರೀತೀನಲ್ಲ” ಎಂದು ಇವಳು ಒಳಗಿನಿಂದಲೇ ಕೂಗಿದಳು.

ಮೂವತ್ತು ಹತ್ತಿರವಾಗತೊಡಗಿತು. ಹುಟ್ಟುಹಬ್ಬಕ್ಕೆ ಮೊದಲು ಒಂದು ಸಭೆ ನಿಗದಿಯಾಗಿತ್ತು. ಅದು ಕೊನೆಯ ಅವಕಾಶ. ಅದನ್ನೂ ಮುಂದೂಡಿದರು. ಹೊಸ ದಿನಾಂಕ ಅವಳ ಹುಟ್ಟುಹಬ್ಬವನ್ನು ದಾಟಿತ್ತು. ನಾನು ಸಿಟ್ಟಿನಿಂದ ಫೋನು ಮಾಡಿದರೆ ಅವಳು ನಗುತ್ತಿದ್ದಳು. “ಜೀವನದಾಗ ಮೊದಲ ಸಲ ವಯಸ್ಸು ಮುಚ್ಚಿಡಬೇಕು ಅನ್ನಿಸ್ತು ನೋಡ್ರಿ ಆಯಿ.” ಬಳಿಕ ಗಂಭೀರಳಾಗಿ, “ನೀವು ಬರ್ರಿ. ಹಿಂದಿನ ಕುರ್ಚ್ಯಾಗ ಕೂಡೂಣು” ಎಂದಳು.

ಆ ಸಭೆಯನ್ನು ನನ್ನ ನೆನಪಿನಂತೆ ಬರೆಯುತ್ತೇನೆ. ಅವಳು ನನ್ನ ಪಕ್ಕದಲ್ಲಿ, ಹಿಂದಿನ ಸಾಲಿನಲ್ಲಿ ಕುಳಿತಿದ್ದಳು. ನಾನು ಕೆಂಪು ಕ್ಲಿಪ್ಪು ಹಾಕಿಕೊಂಡು ಹೋಗಿದ್ದೆ. ಅವಳು ಅದನ್ನು ನೋಡಿ ಕಣ್ಣು ಮಿಟುಕಿಸಿದಳು. ಬೆಂಚಿನ ಮೇಲೆ ಮೂವರೇ ಇದ್ದರೂ ನಾಲ್ಕನೆಯ ಅಂಚು ಖಾಲಿಯಾಗಿಯೇ ಇತ್ತು. ಯಾರೂ ಹರಡಿಕೊಂಡು ಕುಳಿತಿರಲಿಲ್ಲ. ವಿಷಯ ಬಂತು. ರಾಯರು ಗುರುತು ಪರಿಚಯದ ಮಾತನ್ನೇ ಮತ್ತೆ ಆಡಿದರು. ಅಧಿಕಾರಿ ಕಾಗದವನ್ನು ಬದಿಗಿಡುತ್ತ, “ನಾಗರಿಕರಲ್ಲಿ ಯಾರಾದರೂ ಹೇಳುವುದಿದೆಯೇ?” ಎಂದು ಕೇಳಿದರು. ಕೇಳಿದ್ದು ಕೇವಲ ಶಿಷ್ಟಾಚಾರಕ್ಕೆ. ಅವಳಿಗೆ ಅಲ್ಲಿ ಮಾತಿನ ಹಕ್ಕಿರಲಿಲ್ಲ. ಅವಧಿ ಮುಗಿದಿತ್ತು, ಮನೆ ಐರೋಲಿಯಲ್ಲಿದ್ದುದರಿಂದ ಈ ಪ್ರಭಾಗದ ನಾಗರಿಕಳೂ ಆಗಿರಲಿಲ್ಲ. ಆದರೂ ಆ ಧ್ವನಿ ಎದ್ದಿತು. ಮರಾಠಿಯಲ್ಲಿ ಆಡಿದ ಆ ಮಾತುಗಳ ಸಾರ ಇದು:

“ಸಾಹೇಬರೇ, ಇಲ್ಲಿರುವ ನಾವೆಲ್ಲ ಲೋಕಲ್‌ನಲ್ಲಿ ಬದುಕು ಸವೆಸಿದವರು. ನಾಲ್ಕನೆಯ ಸೀಟು ಕೇಳಿದವರ ಆಧಾರ್ ಅನ್ನು ನಮ್ಮಲ್ಲಿ ಯಾರಾದರೂ ಕೇಳಿದ್ದೇವೆಯೇ? ಮೊದಲು ಸರಿಯುತ್ತೇವೆ. ಎಲ್ಲಿ ಇಳಿಯುತ್ತೀರಿ ಎಂದು ಆಮೇಲೆ ಕೇಳುತ್ತೇವೆ. ಪಾಲಿಕೆಯೂ ಅಷ್ಟು ಮಾಡಲಿ.”

ಸಭೆಯಲ್ಲಿ ಮೊದಲು ನಕ್ಕವರು ಗುಮಾಸ್ತರು. ರಾಯರು ಖಾಲಿ ಅಂಚನ್ನು ಒಮ್ಮೆ ನೋಡಿದರು, ತಮ್ಮ ಸೊಂಟವನ್ನು ಒಮ್ಮೆ ಮುಟ್ಟಿಕೊಂಡರು. “ಬರೆಯಿರಿ ಸಾಹೇಬ್ರೆ, ಅನುಮೋದನೆ ನನ್ನದು. ಪೊಲೀಸರು ಬಂದರೆ ಹೋಟೆಲಿಗೆ ಕಳಿಸಿ, ಕಾಫಿ ಕುಡಿಸಿ ನಾನೇ ಉತ್ತರ ಹೇಳ್ತೇನೆ.” ಠರಾವು ಆಯಿತು. ಮೇಲಿನ ಮಂಜೂರಾತಿಯೂ ಬಂತು. ಹೊರಗೆ ಬಂದು ಅವಳು ಮೆಟ್ಟಿಲ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಅಷ್ಟು ವರ್ಷಗಳಲ್ಲಿ ನಾನು ಕಂಡ ಅವಳ ಅಳು ಅದೊಂದೇ. ಅಳುತ್ತಲೇ, “ಆಯಿ, ಈ ಕೋಣಿ ಆಗ ಇದ್ದಿದ್ರ...” ಎಂದು ಶುರುಮಾಡಿ, ಮುಗಿಸದೆ, ಎದ್ದು ಕುಣಿದಳು. ಅಕ್ಷರಶಃ ಕುಣಿದಳು. ಕಾವಲುಗಾರ ದಿಕ್ಕುತೋಚದೆ ಚಪ್ಪಾಳೆ ತಟ್ಟಿದ.

ಕೋಣೆ ತೆರೆದಿದೆ. ನಾನು ಹೋಗಿ ನೋಡಿ ಬಂದಿದ್ದೇನೆ: ಸುಣ್ಣ ಬಳಿದ ಗೋಡೆ, ಮಂಚಗಳು, ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಬಾಗಿಲ ಬಳಿಯ ಮೇಜಿನಲ್ಲಿ ಕುಳಿತವರು ಬಂದವರಿಗೆ ಮೊದಲು ಕೊಡುವುದು ನೀರು. ಬೀಳ್ಕೊಡುಗೆ ರಾಯರ ಹೋಟೆಲಿನ ಮಾಳಿಗೆಯಲ್ಲಿ ನಡೆಯಿತು. ಶಾಲು, ಶ್ರೀಫಲ, ಕೇಸರಿಬಾತು. “ನಿವೃತ್ತಿಯ ನಂತರ ಏನು ಮಾಡುತ್ತೀರಿ?” ಎಂದು ಯಾರೋ ಗಂಭೀರವಾಗಿ ಕೇಳಿದಾಗ ಅವಳು, “ನವಿ ಮುಂಬಯಿ ಪಾಲಿಕೆನ್ಯಾಗೂ ಬೆಂಚು ಇರ್ತಾವಲ್ರಿ?” ಎಂದಳು. ಅವಳ ತಾಯಿ ಬಂದಿದ್ದಳು. ಮೂಲೆಯಲ್ಲಿ ಕುಳಿತು, ಮಗಳ ಶಾಲನ್ನು ಮಡಿಸಿ ಮಡಿಸಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಜೊತೆಗಾರ್ತಿ ತಟ್ಟೆ ಹಿಡಿದು ಹತ್ತಿರ ಬಂದು ನಿಂತಾಗ ಆ ತಾಯಿ ತಲೆ ಎತ್ತಲಿಲ್ಲ. ಬೆಂಚಿನಲ್ಲಿ ಒಂದಿಷ್ಟು ಸರಿದಳು.

ಇಷ್ಟು ಬರೆದು ಮುಗಿಸಿ, ಅಭ್ಯಾಸದಂತೆ, ಆ ಸಭೆಯ ದಿನಾಂಕವನ್ನು ಖಚಿತಪಡಿಸಿಕೊಳ್ಳಲು ಪ್ರಭಾಗ ಕಚೇರಿಯಿಂದ ಇತಿವೃತ್ತದ ಪ್ರತಿಯನ್ನು ತರಿಸಿದೆ. ದಿನಾಂಕ ಸರಿಯಿದೆ. ರಾಯರ ಅನುಮೋದನೆ ಸರಿಯಿದೆ. ಆದರೆ ಅದರಲ್ಲಿ ಹೀಗೆ ದಾಖಲಾಗಿದೆ: ವಿಶೇಷ ನಿಮಂತ್ರಿತೆ ಅವಧಿ ಮುಗಿದಿದ್ದುದರಿಂದ ಸಭೆಯುದ್ದಕ್ಕೂ ಮೌನವಾಗಿದ್ದರು, ಲೋಕಲ್‌ನ ನಾಲ್ಕನೆಯ ಸೀಟಿನ ದೃಷ್ಟಾಂತವನ್ನು ಸಭೆಯ ಮುಂದಿಟ್ಟವರು ಹಿಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯ ನಾಗರಿಕ ಮಹಿಳೆ. ಆ ಮಹಿಳೆಯ ಹೆಸರೂ ಅಲ್ಲಿದೆ. ಅದು ನನ್ನ ಹೆಸರು.

ಗುಮಾಸ್ತರ ತಪ್ಪೆಂದು ರಾಯರಿಗೆ ಫೋನು ಮಾಡಿದೆ. “ಎಂತ ತಪ್ಪು? ನೀವೇ ಅಲ್ಲವಾ ಎದ್ದು ನಿಂತದ್ದು, ತಲೆಯಲ್ಲಿ ಕೆಂಪು ಕ್ಲಿಪ್ಪು ಸಿಕ್ಕಿಸಿಕೊಂಡು!” ಎಂದರು. ಅವಳಿಗೆ ಮಾಡಿದೆ.

“ಹೌದ್ರಿ ಆಯಿ, ನೀವೇ. ನಾ ಬಾಯಿ ತೆಗೆದಿದ್ರ ನಾಳೆ ಯಾರರ ಠರಾವು ರದ್ದು ಮಾಡಸ್ತಿದ್ರು. ಅದಕ್ಕ ತುಟಿ ಕಚ್ಚಿ ಕೂತಿದ್ದೆ. ನೀವು ಎದ್ದ್ರಿ. ನಿಮಗ ದಾರಿ ಆಗಲಿ ಅಂತ ನಾ ಒಂದೀಟು ಸರದೆ, ಅಷ್ಟ.”

ಒಂದು ಸಮಕಾಲೀನ ದಾಖಲೆ, ಇಬ್ಬರು ಪ್ರತ್ಯಕ್ಷ ಸಾಕ್ಷಿಗಳು. ಎದುರಿಗೆ ನನ್ನದೊಂದೇ ನೆನಪು. ಇಂಥ ಕಡೆ ಯಾವುದನ್ನು ಸ್ವೀಕರಿಸಬೇಕೆಂದು ಜೀವಮಾನವಿಡೀ ಇತರರಿಗೆ ಪಾಠ ಹೇಳಿದ್ದೇನೆ. ಆದ್ದರಿಂದ ಮೇಲಿನ ವಿವರಣೆಯನ್ನು ಅಳಿಸದೆ, ಅದರ ಜೊತೆಗೆ ಇದನ್ನು ನಮೂದಿಸುತ್ತೇನೆ: ಇತಿವೃತ್ತದ ಪ್ರಕಾರ ಅಂದು ಮಾತನಾಡಿದವಳು ನಾನು. ನನ್ನ ಕಿವಿ ಕೇಳಿದ ಧ್ವನಿ ಮಾತ್ರ ಅವಳದು.